ಜಲ್ಲಿ ಬಿಚ್ಚಿದ ಬೇಸಿಗೆ

ಹೋದ ಏಪ್ರಿಲ್‌ನಲ್ಲಿ ತಂಗಿಯ ಮಗಳು ಸುಮಾ ನನ್ನನ್ನು ವೈಟ್‌ಫೀಲ್ಡಿನ ಒಂದು ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋದಳು. ಕಾಡುಗೋಡಿಯಲ್ಲಿ ಮೆಟ್ರೋ ಇಳಿದು ಅಲ್ಲಿಂದ ಆಟೋ. ಹೋಟೆಲಿನ ಗೇಟಿನಿಂದ ಬಾಗಿಲವರೆಗೆ ಹುಲ್ಲುಹಾಸು, ಅದರ ನಡುವೆ ನಡೆಯಲು ಕರಿಯ ದಪ್ಪ ಮರದ ತುಂಡುಗಳನ್ನು ಅಡ್ಡಡ್ಡ ಜೋಡಿಸಿದ್ದರು. ನಡುಮಧ್ಯಾಹ್ನದ ಸುಡುಬಿಸಿಲು. ಎರಡು ಹೆಜ್ಜೆ ಇಟ್ಟಿರಲಿಲ್ಲ, ಆ ವಾಸನೆ ಮೂಗಿಗೆ ಅಡರಿತು. ಟಾರು, ಹೊಗೆ, ಆಸ್ಪತ್ರೆಯ ಫಿನಾಯಿಲು ಎಲ್ಲ ಸೇರಿದಂಥ ವಾಸನೆ. ನಿಂತುಬಿಟ್ಟೆ.

"ಏನಾಯ್ತು ದೊಡ್ಡಮ್ಮ, ಮಂಡಿ ನೋವಾ?" ಅಂದಳು ಸುಮಾ.

"ಮಂಡಿ ಅಲ್ಲ ಕಣೇ, ಮೂಗು," ಅಂದು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಮರವನ್ನು ಸವರಿದೆ. ಕೈಗೆ ಸಿಕ್ಕಿತು. ದಪ್ಪ ಮೊಳೆ ಹೊಡೆದಿದ್ದ ತೂತುಗಳು, ಅವುಗಳ ನಡುವೆ ಹಳಿ ಕೂತು ಕೂತು ಸವೆದ ತಗ್ಗು. ಸೆಕ್ಯುರಿಟಿಯವನು ಓಡಿ ಬಂದು "ಏನಾದ್ರೂ ಬೀಳಿಸ್ಕೊಂಡ್ರಾ ಮೇಡಂ?" ಅಂದ. ಇಲ್ಲಪ್ಪ, ಸಿಕ್ಕಿತು ಅಂದೆ. ಅವನಿಗೇನು ಗೊತ್ತು ಪಾಪ. ಅದು ರೈಲು ಹಳಿಯ ಕೆಳಗಿನ ಸ್ಲೀಪರು. ಗೆದ್ದಲು ಹಿಡಿಯದಿರಲಿ ಅಂತ ಮರದ ಸ್ಲೀಪರಿಗೆ ಆಗ ಒಂದು ಕರಿ ಎಣ್ಣೆ ಕುಡಿಸುತ್ತಿದ್ದರು. ಎಷ್ಟು ವರ್ಷವಾದರೂ ಬಿಸಿಲು ಬಿದ್ದರೆ ಸಾಕು, ಅದು ಬೆವರುತ್ತದೆ. "ಇದೆಲ್ಲ ಆಂಟಿಕ್ ದೊಡ್ಡಮ್ಮ, ಎಲ್ಲಿಂದಲೋ ತಂದಿದ್ದಾರೆ," ಅಂತ ಸುಮಾ ನನಗೇ ಪಾಠ ಹೇಳಿದಳು. ಎಲ್ಲಿಂದಲೋ ಏನು, ಇದೇ ಕಾಡುಗೋಡಿಯ ದಾರಿಯಿಂದ ಇಂಥವನ್ನು ಹೆಗಲ ಮೇಲೆ ಹೊತ್ತು ಆಚೆ ಹಾಕಿದವರಲ್ಲಿ ನಾನೂ ಒಬ್ಬಳು.

ಅದು ತೊಂಬತ್ತರ ದಶಕದ ನಡುವಿನ ಮಾತು. ನನ್ನ ಗಂಡ ಗೋವಿಂದ ಕಾಡುಗೋಡಿಯ ಗ್ಯಾಂಗಿನಲ್ಲಿ ಕೆಲಸಕ್ಕಿದ್ದರು. ಗ್ಯಾಂಗು ಅಂದರೆ ಪುಂಡರ ಗುಂಪಲ್ಲ ಮತ್ತೆ. ಸ್ಟೇಷನ್ನಿನ ಆಚೀಚೆ ಒಂದಷ್ಟು ಉದ್ದದ ರೈಲು ದಾರಿಯನ್ನು ದಿನಾ ನೋಡಿಕೊಂಡು ರಿಪೇರಿ ಮಾಡುವ ತಂಡ. ಅವರು ಕಾಮಾಲೆ ಬಂದು ತೀರಿಕೊಂಡರು. ಅನುಕಂಪದ ಮೇಲೆ ನನಗೆ ಕೆಲಸ ಕೊಡುತ್ತೇವೆ ಅಂದರು. ನಾನು ಎಸ್ಸೆಸ್ಸೆಲ್ಸಿ ಪಾಸು, ಆಫೀಸಿನಲ್ಲಿ ಕುರ್ಚಿ ಸಿಗುತ್ತದೆ ಅಂತ ಇಸ್ತ್ರಿ ಸೀರೆ ಉಟ್ಟು ಹೋದರೆ, ಖಾಲಿ ಇರುವುದು ಗ್ಯಾಂಗಿನಲ್ಲಿ ಮಾತ್ರ ಅಂದರು. ಹಾರೆ, ಪಿಕಾಸಿ, ಬಾಂಡ್ಲಿ. ಬೇಡವಾದರೆ ಬಿಡಿ.

ಬಿಡುವುದು ಹೇಗೆ? ಮಾಲೂರಿನ ಅಣ್ಣ "ನಮ್ಮನೇಗೇ ಬಾ, ಮಕ್ಕಳನ್ನ ನೋಡ್ಕೊಂಡಿರು" ಅಂದಿದ್ದ. ಅಣ್ಣನ ಮನೆಯಲ್ಲಿ 'ನೋಡ್ಕೊಂಡಿರು' ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಎಲ್ಲರಿಗಿಂತ ಮೊದಲು ಏಳಬೇಕು, ಎಲ್ಲರೂ ಉಂಡ ಮೇಲೆ ಉಣ್ಣಬೇಕು, ಒಂದು ರವಿಕೆ ಬಟ್ಟೆಗೂ ಅತ್ತಿಗೆಯ ಮುಖ ನೋಡಬೇಕು. ಅದಕ್ಕಿಂತ ಹಾರೆ ವಾಸಿ ಅಂದುಕೊಂಡೆ. ಆದರೆ ಕೆಲಸ ಇನ್ನೂ ಖಾಯಂ ಅಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಗ್ಯಾಂಗಿನ ಮೇಸ್ತ್ರಿ, ಈ ಹೆಂಗಸಿನ ಕೈಲಿ ಆಗುತ್ತದೆ ಅಥವಾ ಆಗುವುದಿಲ್ಲ ಅಂತ ಇನ್ಸ್‌ಪೆಕ್ಟರಿಗೆ ಹೇಳಬೇಕು. ಆಗುತ್ತದೆ ಅಂದರೆ ಖಾಯಂ. ಇಲ್ಲವಾದರೆ ಮಾಲೂರು.

ಮೇಸ್ತ್ರಿಯ ಹೆಸರು ಮುನಿವೆಂಕಟಪ್ಪ. ಕಡ್ಡಿಯಂಥ ಮೈ, ತಲೆಗೆ ಟವೆಲ್ಲು, ಬಾಯಲ್ಲಿ ಸದಾ ಎಲೆಅಡಿಕೆ. ಓದುಬರಹ ಇಲ್ಲ. ಮೂವತ್ತು ಚಿಲ್ಲರೆ ವರ್ಷದ ಸರ್ವೀಸಿನಲ್ಲಿ ತಪ್ಪು ಮಾಡಿದೆ ಅಂತ ಮೇಲಿನವರಿಂದ ಒಂದು ಮೆಮೊ ಕೂಡ ಬಂದಿರಲಿಲ್ಲ. ಅದೇ ಮೇ ಕೊನೆಗೆ ಅವರ ರಿಟೈರ್‌ಮೆಂಟು. ನಾನು ಸೇರಿದ ದಿನ ಗ್ಯಾಂಗಿನವರು ಗೊಣಗಿದರು. ಹೆಂಗಸು ಹಳಿ ಎತ್ತುತ್ತಾಳಾ, ನಾಳೆ ಕಾಲಿನ ಮೇಲೆ ಬೀಳಿಸಿಕೊಂಡರೆ ಯಾರು ಹೊಣೆ, ಇತ್ಯಾದಿ. ನಾನೂ ಸುಮ್ಮನಿರುವವಳಲ್ಲ, ಬಾಯಿ ತೆಗೆಯುವಷ್ಟರಲ್ಲಿ ಮೇಸ್ತ್ರಿ ಎಲೆಅಡಿಕೆ ಉಗಿದು, "ಕಂಬಿ ಎತ್ತಾಕೆ ಎಂಟು ಜನ ಬೇಕು. ಗೋವಿಂದ ಓದ್ಮೇಲೆ ನನ್ನ ಬಿಟ್ರೆ ಇರೋದು ಏಳು. ಎಂಟ್ನೇ ಕೈ ಗಂಡಸಿಂದಾ ಎಂಗ್ಸಿಂದಾ ಅಂತ ಕಂಬಿ ಕೇಳಾಕಿಲ್ಲ. ಇಡ್ಕಳಮ್ಮ ಆರೇನ," ಅಂದರು. ಮಾತು ಮುಗಿಯಿತು.

ಮೊದಲ ವಾರ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು, ಅನ್ನ ಕಲಸಲೂ ಆಗದೆ ಚಮಚದಲ್ಲಿ ಉಂಡೆ. ಮೇಸ್ತ್ರಿಯ ಮನೆಯಿಂದ ಹರಳೆಣ್ಣೆಯ ಶೀಸೆ ಬಂತು. "ಆರೇನ ತಬ್ಕಬ್ಯಾಡ, ಇಡ್ಕ. ಸೊಂಟ ಬಗ್ಗುಸ್ಬ್ಯಾಡ, ಮಂಡಿ ಬಗ್ಗುಸು. ಸೊಂಟ ಓದ್ರೆ ಇನ್ನೊಂದು ಸಿಕ್ಕಾಕಿಲ್ಲ," ಅನ್ನುತ್ತಿದ್ದರು. ದಾರಿಯ ಮೈಯೆಲ್ಲ ಅವರೇ ತೋರಿಸಿಕೊಟ್ಟರು. ಕೆಳಗೆ ಜಲ್ಲಿಯ ಹಾಸು. ಅದರ ಮೇಲೆ ಅಡ್ಡಕ್ಕೆ ಸ್ಲೀಪರು. ಸ್ಲೀಪರಿನ ಮೇಲೆ ಉದ್ದಕ್ಕೆ ಹಳಿ. ಒಂದು ಹಳಿಯ ತುದಿಗೆ ಇನ್ನೊಂದು ಹಳಿ, ಎರಡನ್ನೂ ಹಿಡಿದಿಡಲು ಪಕ್ಕದಲ್ಲಿ ಪಟ್ಟಿ, ಪಟ್ಟಿಗೆ ಬೋಲ್ಟು. ಎರಡು ಹಳಿಗಳ ನಡುವೆ ಬೇಕೆಂದೇ ಒಂಚೂರು ಸಂದು ಬಿಟ್ಟಿರುತ್ತಿದ್ದರು, ಬಿಸಿಲಿಗೆ ಕಬ್ಬಿಣ ಹಿಗ್ಗಿದರೆ ಜಾಗ ಬೇಕಲ್ಲ. ರೈಲು ಟಕಟಕ ಅನ್ನುತ್ತಿದ್ದುದು ಆ ಸಂದುಗಳನ್ನು ದಾಟುವಾಗಲೇ. ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು ಮೇಸ್ತ್ರಿ ಹಳಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ನಾವೂ ಹಾಗೇ.

ಹಳಿ ಎತ್ತುವುದು, ಜರುಗಿಸುವುದು ಎಲ್ಲ ಕೂಗಿನ ಮೇಲೆ. ಎಂಟು ಹಾರೆ ಒಟ್ಟಿಗೆ ಬೀಳಬೇಕು, ಒಟ್ಟಿಗೆ ಏಳಬೇಕು. ಒಂದು ಹಿಂದೆ ಬಿದ್ದರೂ ಉಳಿದವರ ರಟ್ಟೆ ಹೋಯಿತು ಅಂತಲೇ. ಮೇಸ್ತ್ರಿ ದೂರದಲ್ಲಿ ಹಳಿಗೆ ಕೆನ್ನೆ ತಾಗುವ ಹಾಗೆ ಬಗ್ಗಿ, ಒಂದು ಕಣ್ಣು ಮುಚ್ಚಿ, ದಾರಿ ನೇರ ಇದೆಯೋ ಇಲ್ಲವೋ ನೋಡುವರು. ಅಲ್ಲಿಂದಲೇ ಕೂಗುವರು:

"ಎತ್ತು ತಮ್ಮ!" "ಐಸಾ!"

"ಅತ್ತೆ ಬಂದ್ಲು!" "ಐಸಾ!"

"ಮುದ್ದೆ ಬೇಯ್ಲಿಲ್ಲ!" "ಐಸಾ!"

"ಬಿಡಬ್ಯಾಡ ಕೈಯ!" "ಐಸಾ!"

ನಾನು ಸೇರಿದ ಮೇಲೆ 'ಎತ್ತು ತಮ್ಮ'ದ ಪಕ್ಕ 'ಎತ್ತು ತಂಗಿ'ಯೂ ಸೇರಿತು. ಅದನ್ನು ಕೇಳಿದ ದಿನ ಹೊಂಗೆ ಮರದ ಹಿಂದೆ ಹೋಗಿ ಒಂದು ಗಳಿಗೆ ಅತ್ತೆ. ಗಂಡ ಹೋದಾಗ ಅಷ್ಟು ಅತ್ತಿರಲಿಲ್ಲ.

ಆ ವರ್ಷ ಚಳಿ ಕಳೆಯುತ್ತಿದ್ದಂತೆ ನಮ್ಮ ದಾರಿಯ ಮರದ ಸ್ಲೀಪರುಗಳನ್ನೆಲ್ಲ ಕಿತ್ತು ಕಾಂಕ್ರೀಟಿನವನ್ನು ಹಾಕಿದರು. ಮೊಳೆಯ ಬದಲು ಸುರುಳಿ ಸುತ್ತಿದ ಸ್ಪ್ರಿಂಗ್ ಕ್ಲಿಪ್ಪು ಬಂತು. ಕೊಪ್ಪಳ ಕಡೆಯ ಹಣಮಂತ ನಮ್ಮ ಗ್ಯಾಂಗಿನಲ್ಲಿದ್ದ, ಕಾಡುಗೋಡಿಯಲ್ಲಿ ಊರಿನವರ ಜೊತೆ ರೂಮು ಮಾಡಿಕೊಂಡಿದ್ದವನು. ಅವನು ಅದಕ್ಕೆ ಜಿಲೇಬಿ ಅಂತ ಹೆಸರಿಟ್ಟ. "ರತ್ನಕ್ಕಾರ, ಒಂದು ಜಿಲೇಬಿ ಕೊಡ್ರಿ, ಸಕ್ರಿ ಪಾಕ ಬ್ಯಾಡ," ಅನ್ನುತ್ತಿದ್ದ. ಹಳಿಗಳ ತುದಿಗಳನ್ನು ಬೆಂಕಿಯಲ್ಲಿ ಕರಗಿಸಿ ಬೆಸೆದರು. ಸಂದೇ ಇಲ್ಲ. ಟಕಟಕ ನಿಂತು ರೈಲು ಸುಯ್ಯೆಂದು ಹೋಗತೊಡಗಿತು. ಅತ್ತ ಪಟ್ಟಂದೂರಿನ ಕಡೆ ದೊಡ್ಡ ದೊಡ್ಡ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಇತ್ತ ನಮ್ಮ ದಾರಿಗೂ ಹೊಸ ಕಾಲ ಬಂತು ಅಂತ ಎಲ್ಲರಿಗೂ ಖುಷಿ. ಮೇಸ್ತ್ರಿಗೆ ಮಾತ್ರ ಒಳಗೊಳಗೇ ಇರಿಸುಮುರಿಸು. "ಮರ ಆದ್ರೆ ಮಾತಾಡ್ತಿತ್ತು. ಈ ಕಲ್ಲು ಬಾಯೇ ಬಿಡಾಕಿಲ್ಲ," ಅನ್ನುವರು.

ಹೊಸ ಇನ್ಸ್‌ಪೆಕ್ಟರು ವಯಸ್ಸಿನಲ್ಲಿ ಚಿಕ್ಕವರು, ದಾವಣಗೆರೆ ಕಡೆಯವರು, ಹಣೆಯ ಮೇಲೆ ವಿಭೂತಿ. ನಮ್ಮನ್ನೆಲ್ಲ ಹೊಂಗೆಯ ನೆರಳಿನಲ್ಲಿ ಕೂರಿಸಿ ಬಿಡಿಸಿ ಹೇಳಿದರು. "ನೋಡಿ, ಈ ಹಳಿಗೆ ಹಿಗ್ಗೋದಕ್ಕೆ ಜಾಗ ಇಲ್ಲ. ಬಿಸಿಲಿಗೆ ಅದು ಪಕ್ಕಕ್ಕೆ ಜಿಗೀಬೇಕು ಅಂತ ಕಾಯ್ತಾ ಇರುತ್ತೆ. ಜಿಗೀದಂಗೆ ಹಿಡ್ಕೊಂಡಿರೋದು ಈ ಜಲ್ಲಿ ಒಂದೇ. ಬಿಸಿಲೇರಿದ ಮೇಲೆ ಜಲ್ಲಿ ಬಿಚ್ಚಬೇಡಿ. ಏನೇ ಇದ್ರೂ ಬೆಳಿಗ್ಗೆ ತಂಪಲ್ಲಿ ಮಾಡಿ." ಎಲ್ಲರೂ ತಲೆಯಾಡಿಸಿದೆವು. ಮೇಸ್ತ್ರಿಯೂ ಆಡಿಸಿದರು. ಆದರೆ ಮೂವತ್ತು ವರ್ಷದ ಕೈ ತಲೆಯ ಮಾತು ಕೇಳಬೇಕಲ್ಲ.

ಏಪ್ರಿಲ್ ಕೊನೆ ಇರಬೇಕು. ಹೂಡಿ ಕಡೆಯ ತಿರುವಿನಲ್ಲಿ ಗಾಡಿ ಕುಲುಕುತ್ತಿದೆ ಅಂತ ಡ್ರೈವರೊಬ್ಬರು ಸ್ಟೇಷನ್ನಿನಲ್ಲಿ ಹೇಳಿ ಹೋಗಿದ್ದರು. ಬೆಳಿಗ್ಗೆಯೆಲ್ಲ ಬೇರೆ ಕಡೆ ಕ್ಲಿಪ್ಪು ಬಡಿಯುವುದರಲ್ಲಿ ಕಳೆಯಿತು. ತಿರುವಿಗೆ ಬರುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲಿದ್ದ. ನಿಜಕ್ಕೂ ಅಲ್ಲೊಂದು ಕಡೆ ದಾರಿ ಸ್ವಲ್ಪ ಕುಸಿದಿತ್ತು. ಸ್ಲೀಪರಿನ ಸುತ್ತಲಿನ ಜಲ್ಲಿ ಬಿಚ್ಚಿ, ಎತ್ತಿ, ಕೆಳಗೆ ಜಲ್ಲಿ ತುರುಕಿ ಕುಟ್ಟಿದರೆ ಸರಿಯಾಗುತ್ತದೆ. ದಿನಾ ಮಾಡುವ ಕೆಲಸವೇ. "ಕಂಡ ಗುಂಡಿ ನಾಳೀಕೆ ಬಿಡಬಾರ್ದು. ಬಿಚ್ರೋ," ಅಂದರು ಮೇಸ್ತ್ರಿ. ಆ ಮಾತನ್ನು ಅವರು ಸರ್ವೀಸು ಪೂರ್ತಿ ಪಾಲಿಸಿದ್ದರು, ಅದರಿಂದಲೇ ಅವರ ದಾರಿಗೆ ಒಳ್ಳೆಯ ಹೆಸರು. ಹಳೆಯ ರೂಢಿಯಂತೆ ಸಾಲಾಗಿ ಹತ್ತಾರು ಸ್ಲೀಪರುಗಳ ಜಲ್ಲಿಯನ್ನು ಒಟ್ಟಿಗೇ ಬಿಚ್ಚಿದೆವು. ನನಗೆ ಇನ್ಸ್‌ಪೆಕ್ಟರ ಮಾತು ನೆನಪಿಗೆ ಬಂತು. ಮೇಸ್ತ್ರಿಗೆ ತಿಳಿಯದ್ದು ನನಗೆ ತಿಳಿಯುತ್ತದಾ ಅಂದುಕೊಂಡು ಪಿಕಾಸಿ ಆಡಿಸಿದೆ.

ನೀರು ಕುಡಿಯಲು ಮಡಕೆಯ ಕಡೆ ಹೊರಟವಳು ತಿರುವಿನ ಹೊರಮಗ್ಗುಲಲ್ಲಿ ಹಾದುಹೋದೆ. ಬಿಚ್ಚಿದ ಜಾಗ ಮುಗಿದ ಕಡೆ, ಕೈ ಹಾಕದ ಸ್ಲೀಪರುಗಳ ತುದಿಗೆ ಜಲ್ಲಿ ಒತ್ತಿಕೊಂಡು ಉಬ್ಬಿತ್ತು. ಬಗ್ಗಿ ಒಳಮಗ್ಗುಲು ನೋಡಿದೆ. ಅಲ್ಲಿ ಸ್ಲೀಪರಿಗೂ ಜಲ್ಲಿಗೂ ನಡುವೆ ಬೆರಳು ತೂರುವಷ್ಟು ಬಿರುಕು. ನಾವು ತಿರುವಿಗೆ ಬಂದಾಗ ಅದು ಇರಲಿಲ್ಲ. ದಾರಿ ಆಚೆಗೆ ಜರುಗುತ್ತಿತ್ತು.

ಒಂದು ಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ರೈಲಲ್ಲ, ಮಾಲೂರಿನ ಮನೆಯ ಹಿತ್ತಿಲು. ರಾಶಿ ಪಾತ್ರೆ. ಇನ್ನೊಂದು ತಿಂಗಳಿಗೆ ನನ್ನ ಬಗ್ಗೆ ಮಾತು ಹೇಳಬೇಕಾದ ಮನುಷ್ಯನಿಗೆ, ಅವರೇ ಸಾಕಿದ ಗ್ಯಾಂಗಿನೆದುರು, ನಿಮ್ಮದು ತಪ್ಪು ಅನ್ನಬೇಕು. ಅದೂ ನನಗೆ ಹಾರೆ ಹಿಡಿಯಲು ಕಲಿಸಿದವರಿಗೆ. ಆದರೂ ಕೂಗಿದೆ.

"ಮೇಸ್ತ್ರೀ, ನಿಲ್ಸಿ. ಕಂಬಿ ಆಚೆಗೆ ಹೋಗ್ತಾ ಐತೆ."

ಪಿಕಾಸಿಗಳು ನಿಂತವು. ಮೇಸ್ತ್ರಿ ತಲೆ ಎತ್ತಿದರು. "ಏನಂದೆ?"

"ಬಿಸಿಲಲ್ಲಿ ಬಿಚ್ಚಬಾರದು ಅಂತ ಸಾಹೇಬ್ರು ಹೇಳಿದ್ರು. ಇದು ಮರದ ದಾರಿ ಅಲ್ಲ ಮೇಸ್ತ್ರಿ. ಇದು ತಪ್ಪು."

"ನಾನು ಕಂಬಿ ಮುಟ್ಟಿದಾಗ ನಿಮ್ಮವ್ವ ಲಂಗ ಆಕ್ಕೊಂಡಿದ್ಲು! ನಂಗೇ ಏಳಾಕೆ ಬಂದ್ಯಾ?"

ಗ್ಯಾಂಗಿನವರೆಲ್ಲ ನೆಲ ನೋಡತೊಡಗಿದರು. ನನಗೂ ಸಿಟ್ಟು ನೆತ್ತಿಗೇರಿತು. "ಬೈಯೋದು ಆಮೇಲೆ ಬೈರಿ. ಮೊದಲು ಬಂದು ನೋಡಿ," ಅಂದೆ.

ಮೇಸ್ತ್ರಿ ಬಂದರು. ಬೆಂಕಿಯಂತೆ ಕಾದಿದ್ದ ಹಳಿಯ ಹತ್ತಿರ ಕೆನ್ನೆ ತಂದು ಒಂದು ಕಣ್ಣು ಮುಚ್ಚಿ ನೋಡಿದರು. ಎದ್ದು ಬಿರುಕಿಗೆ ಬೆರಳು ತೂರಿಸಿದರು. ಮತ್ತೆ ಬಗ್ಗಿ ನೋಡಿದರು. ಎದ್ದವರೇ ಗ್ಯಾಂಗಿನ ಕಡೆ ತಿರುಗಿ ಕೂಗಿದರು.

"ಅಣಮಂತ, ಕೆಂಪು ಬಾವುಟ, ಪಟಾಕಿ ತಕಂಡು ಎದುರಿಗೆ ಓಡು. ಪ್ಯಾಸೆಂಜರ್ ಬರೋ ಒತ್ತು." ಹಳಿಯ ಮೇಲಿಡುವ ಪಟಾಕಿ ಅದು, ಚಕ್ರದಡಿ ಸಿಡಿದರೆ ಡ್ರೈವರು ಬ್ರೇಕು ಹಾಕುತ್ತಾರೆ. ಹಣಮಂತ ಓಟ ಕಿತ್ತ. "ಮಿಕ್ಕೋರು ಜಲ್ಲಿ ಮುಚ್ರೋ. ಒರಮಗ್ಲು ಮೊದ್ಲು."

ಬಾಂಡ್ಲಿ ಬಾಂಡ್ಲಿ ಜಲ್ಲಿ ಎಳೆದು ತುಂಬಿದೆವು. ಗೋಣಿಚೀಲ ನೆನೆಸಿ ಹಳಿಯ ಮೇಲೆ ಹಾಸಿದೆವು, ಕುಡಿಯುವ ನೀರೂ ಅದಕ್ಕೇ ಹೋಯಿತು. ಕೈಗಳು ಒಂದೊಂದು ದಿಕ್ಕಿಗೆ ಆಡುತ್ತಿದ್ದವು, ಗಾಬರಿ. ಮೇಸ್ತ್ರಿಯ ಕೂಗು ಕೇಳಲಿಲ್ಲ. ತಿರುಗಿ ನೋಡಿದರೆ ತುಟಿ ಅಲುಗುತ್ತಿದೆ, ಸ್ವರವೇ ಹೊರಡುತ್ತಿಲ್ಲ. ಕೂಗಿಲ್ಲದೆ ಗ್ಯಾಂಗು ಗ್ಯಾಂಗೇ ಅಲ್ಲ. ನಾನೇ ಶುರು ಮಾಡಿದೆ. "ಎಳಿರಿ ಅಣ್ಣ!" ಒಬ್ಬಿಬ್ಬರು ಮೆಲ್ಲಗೆ "ಐಸಾ" ಅಂದರು. "ತುಂಬ್ರಿ ಅಣ್ಣ!" ಎಲ್ಲರೂ "ಐಸಾ!" ಅಂದರು. ಹೆಂಗಸಿನ ಕೂಗಿಗೆ ಆ ದಾರಿಯಲ್ಲಿ ಬಾಂಡ್ಲಿಗಳು ಒಟ್ಟಿಗೆ ಬಿದ್ದದ್ದು ಅದೇ ಮೊದಲು.

ದೂರದಲ್ಲಿ ಪಟಾಕಿ ಸಿಡಿದ ಸದ್ದು ಬಂತು. ಪ್ಯಾಸೆಂಜರು ತಿರುವಿಗೆ ಬರುವ ಮೊದಲೇ ನಿಂತಿತು. ಜನ ಇಳಿದು ಬಂದು ನಮ್ಮನ್ನು ಬೈದರು, ಫ್ಯಾಕ್ಟರಿಯ ಶಿಫ್ಟಿಗೆ ಲೇಟಾಯಿತು ಅಂದರು. ಬೈದುಕೊಳ್ಳಲಿ ಬಿಡಿ, ಬದುಕಿದ್ದರಲ್ಲ. ಬಿಸಿಲು ಇಳಿದು ಹಳಿ ತಣ್ಣಗಾದ ಮೇಲೆ, ಗಾಡಿ ನಡಿಗೆಯ ವೇಗದಲ್ಲಿ ನಮ್ಮೆದುರು ಹಾದುಹೋಯಿತು. ಕೊನೆಯ ಡಬ್ಬಿ ದಾಟುವವರೆಗೆ ಎಲ್ಲರೂ ಹಳಿಯನ್ನೇ ನೋಡುತ್ತ ನಿಂತೆವು.

ಇನ್ಸ್‌ಪೆಕ್ಟರು ಹಳಿಯ ಮೇಲೆ ತಳ್ಳುವ ಟ್ರಾಲಿಯಲ್ಲಿ ಬರುತ್ತಿದ್ದಾರೆ ಅಂತ ಸುದ್ದಿ ಬಂತು. ಅಷ್ಟರಲ್ಲಿ ಹಣಮಂತ ಎಲ್ಲರ ಕಿವಿಯಲ್ಲೂ ಊದಿದ: "ಬಿಸ್ಲಿಗೆ ತಾನಾಗೇ ಜರುಗೇತಿ ಅಂತ ಹೇಳೂಣು. ನಾವು ಕೈ ಹಚ್ಚಿಲ್ಲ. ಮೇಸ್ತ್ರಿಗೆ ಕಡೀ ತಿಂಗಳದಾಗ ಕಪ್ಪು ಹತ್ತಬಾರ್ದು." ಎಲ್ಲರೂ ಹೂಂ ಅಂದರು. ನಾನೂ ಅಂದೆ, ಮನಸಾರೆ ಅಂದೆ. ಜಲ್ಲಿ ಮುಚ್ಚಿಯಾಗಿತ್ತು, ಯಾರಿಗೆ ಗೊತ್ತಾಗಬೇಕು?

ಇನ್ಸ್‌ಪೆಕ್ಟರು ಬಂದು ನೋಡಿದರು, ಅಳೆದರು. "ಏನಾಯ್ತು?" ಅಂದರು.

"ಬಿಸ್ಲು ಭಾಳ ಇತ್ರಿ ಸಾಹೇಬ್ರ," ಅಂದ ಹಣಮಂತ.

"ಸುಮ್ಕಿರೋ," ಅಂದರು ಮೇಸ್ತ್ರಿ. ಟವೆಲ್ಲನ್ನು ತಲೆಯಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. "ನಾನು ಬಿಚ್ಚಿಸ್ದೆ ಸಾಮಿ. ನೀವು ಬ್ಯಾಡ ಅಂದಿದ್ರಿ, ಅಳೇ ಬುದ್ಧಿ ಬಿಡ್ಲಿಲ್ಲ."

ಇನ್ಸ್‌ಪೆಕ್ಟರು ಅಳತೆಪಟ್ಟಿ ಸುತ್ತಿಟ್ಟುಕೊಂಡರು. ಅವರೂ ಒಳ್ಳೆಯ ಮನುಷ್ಯ. "ಯಜಮಾನ್ರೆ, ಇನ್ನೊಂದು ತಿಂಗಳು ನಿಮ್ಮ ಸರ್ವೀಸು. ಯಾರಿಗೂ ಏನೂ ಆಗಿಲ್ಲ. ಬಿಸಿಲಿಂದ ಆಯ್ತು ಅಂತಲೇ ಬರೀತೀನಿ, ಬಿಡಿ," ಅಂದರು.

"ಬಿಸ್ಲು ಅಂತ ಬರುದ್ರೆ ಇವ್ಳ ಎಸ್ರು ಎಲ್ಲಿಗೆ ಬರ್ತದೆ ಸಾಮಿ?" ಮೇಸ್ತ್ರಿ ನನ್ನ ಕಡೆ ಕೈ ತೋರಿಸಿದರು. "ಮೇಸ್ತ್ರಿ ತಪ್ಪು ಮಾಡ್ದ, ಈ ಎಣ್ಮಗ್ಳು ಕಂಡ್ಲು, ಬೈದ್ರೂ ಬಿಡ್ದೆ ನಿಲ್ಸಿದ್ಲು. ಅಂಗೇ ಬರೀರಿ. ಇವ್ಳ ಕೈಲಿ ಆಯ್ತದಾ ಅಂತ ಆಮ್ಯಾಕೆ ನನ್ನ ಬ್ಯಾರೆ ಕೇಳೋದ್ ಬ್ಯಾಡ."

ಟ್ರಾಲಿಯ ಮೇಲೆ ಕಾಗದ ಇಟ್ಟು ಇನ್ಸ್‌ಪೆಕ್ಟರು ಹಾಗೆಯೇ ಬರೆದರು. ಮೇಸ್ತ್ರಿ ಅದರ ಕೆಳಗೆ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಹೊಂಗೆ ಮರಕ್ಕೆ ಒರೆಸಿದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. "ಅಳ್ತಾ ನಿಂತ್ಕಬ್ಯಾಡ, ಬಾಂಡ್ಲಿ ಎಣಿಸ್ಕ," ಅಂದರು, ಬೈಯುವ ಹಾಗೆಯೇ.

ನನ್ನ ಖಾಯಂ ಆರ್ಡರು, ಮೇಸ್ತ್ರಿಯ ಮೊದಲ ಮತ್ತು ಕೊನೆಯ ಮೆಮೊ ಎರಡೂ ಮೇ ತಿಂಗಳಲ್ಲೇ ಬಂದವು. ರಿಟೈರಾಗುವ ಮೇಸ್ತ್ರಿಯನ್ನು ಸಾಹೇಬರ ಟ್ರಾಲಿಯಲ್ಲಿ ಕೂರಿಸಿ, ಅವರ ದಾರಿಯುದ್ದಕ್ಕೂ ಗ್ಯಾಂಗಿನವರು ತಳ್ಳಿಕೊಂಡು ಹೋಗುವುದು ನಮ್ಮಲ್ಲಿ ಪದ್ಧತಿ. ಮೆಮೊ ಬಂದವನಿಗೆ ಎಂಥ ಮೆರವಣಿಗೆ ಅಂತ ಅವರು ಹತ್ತಲು ಒಪ್ಪಲಿಲ್ಲ. ಹಣಮಂತ ಎತ್ತಿ ಕೂರಿಸಿದ. ಬೆಳಗಿನ ತಂಪು, ಕೊರಳಲ್ಲಿ ಚೆಂಡುಹೂವಿನ ಹಾರ. ತಿರುವು ಬಂದಾಗ ಟ್ರಾಲಿ ನಿಲ್ಲಿಸಿ ಅಂದರು. ಇಳಿದು, ಹಾರವನ್ನು ಬೆನ್ನಿಗೆ ಸರಿಸಿ, ಹಳಿಗೆ ಬಗ್ಗಿ ಒಂದು ಕಣ್ಣು ಮುಚ್ಚಿದರು. ಎದ್ದು ನನಗೆ ಅಂದರು, "ನೀನೂ ನೋಡು." ನೋಡಿದೆ. "ನೆಟ್ಟಗೈತಾ?" "ಐತೆ ಮೇಸ್ತ್ರಿ." "ನೀನಂದ್ರೆ ಸರಿ," ಅಂದು ಟ್ರಾಲಿ ಹತ್ತಿದರು.

ಅವರು ಈಗ ಇಲ್ಲ. ಮುಂದೆ ನಾನೂ ಮೇಸ್ತ್ರಿಯಾದೆ, ನನ್ನ ಕೂಗಿಗೂ ಹಾರೆಗಳು ಎದ್ದವು. ಆ ದಿನದ ಧೈರ್ಯವೆಲ್ಲ ನನ್ನದೇ ಅಂತ ವರ್ಷಗಟ್ಟಲೆ ನಂಬಿಕೊಂಡಿದ್ದೆ, ಹೇಳಿಕೊಂಡೂ ತಿರುಗಿದೆ. ನನ್ನ ಕಡೇ ವರ್ಷಗಳಲ್ಲಿ ಒಂದು ದಿನ, ಹೊಸದಾಗಿ ಸೇರಿದ ಮಂಜುಳಾ ಅನ್ನುವವಳು, ನಾನು ಹೇಳಿದ ಕೆಲಸಕ್ಕೆ ಎಲ್ಲರೆದುರು "ಅಕ್ಕಾ, ಅದು ತಪ್ಪು" ಅಂದಳು. ಕಿವಿಯವರೆಗೆ ಬಿಸಿ ಏರಿತು. ನಾಲಿಗೆಯ ತುದಿಗೆ ಬಂದದ್ದು ಮೇಸ್ತ್ರಿಯ ಅದೇ ಮಾತು, ನಿಮ್ಮವ್ವ ಲಂಗ ಹಾಕಿಕೊಂಡಿದ್ದಳು ಅನ್ನುವುದು. ನುಂಗಿಕೊಂಡೆ. ಬಗ್ಗಿ ನೋಡಿದೆ. ಅವಳು ಹೇಳಿದ್ದೇ ಸರಿ ಇತ್ತು. "ಹೌದಮ್ಮ, ನಂದೇ ತಪ್ಪು," ಅಂತ ನಾಲ್ಕು ಜನರೆದುರು ಅನ್ನಲು ನನಗೆ ಎಷ್ಟು ಕಷ್ಟವಾಯಿತೆಂದರೆ, ಅವತ್ತು ಆ ತಿರುವಿನಲ್ಲಿ ದೊಡ್ಡ ಕೆಲಸ ಮಾಡಿದವರು ಯಾರು ಅಂತ ಆಗ ಅರ್ಥವಾಯಿತು. ನಾನು ಬರೀ ಕೂಗಿದವಳು.

"ಏಳಿ ದೊಡ್ಡಮ್ಮ, ಎಲ್ರೂ ನೋಡ್ತಿದ್ದಾರೆ," ಅಂತ ಸುಮಾ ತೋಳು ಹಿಡಿದಳು. ನೋಡಲಿ. ಹಳಿ ಕೂತು ಸವೆದಿದ್ದ ಆ ತಗ್ಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಬೆರಳಿಗೆ ಕರಿ ಎಣ್ಣೆ ಅಂಟಿತ್ತು. ಊಟಕ್ಕೆ ಕೂತಾಗ ಕೈ ತೊಳೆದುಕೊಂಡು ಬನ್ನಿ ಅಂದಳು ಸುಮಾ. ಆ ಎಣ್ಣೆ ತೊಳೆಯಲು ಮನಸ್ಸು ಬರಲಿಲ್ಲ, ಅವತ್ತೂ ಚಮಚದಲ್ಲೇ ಉಂಡೆ.